ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬಹುದೇ?

ಪ್ರಶ್ನೆ: ತಂದೆಯವರು ಕೊಂಡಿದ್ದ 1984ರ ಪೆಟ್ರೋಲ್ ಅಂಬಾಸಿಡರ್ ಇಂದಿಗೂ ನಮ್ಮ ಮನೆಯಲ್ಲಿ ಓಡುತ್ತಿದೆ. ಆದರೆ ಈಚೆಗೆ ಎರಡು ಮೂರು ತಿಂಗಳಿಗೊಮ್ಮೆ ಪಾಯಿಂಟ್ (ಪ್ಲಗ್ಗಿಗೆ ಕಿಡಿ ಹುಟ್ಟಿಸಲು ಕರೆಂಟನ್ನು ಕಡಿಯುವ ಲೋಹದ ತುದಿಗಳು) ಸುಟ್ಟುಹೋಗುತ್ತಿದೆ, ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಮಿಸ್ ಹೊಡೆಯುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಈ ತೊಂದರೆ ಮುಗಿಯುತ್ತದೆಯೇ? (ಒಬ್ಬ ಓದುಗರು, ತೀರ್ಥಹಳ್ಳಿ)

ಉತ್ತರ: ಹಾಕಿಸಬಹುದು, ಅದು ಒಳ್ಳೆಯ ಬದಲಾವಣೆಯೇ ಹೌದು. ಆದರೆ ಪಾಯಿಂಟ್ ಇಷ್ಟು ಬೇಗ ಏಕೆ ಸುಡುತ್ತಿದೆ ಎಂಬುದನ್ನು ಮೊದಲು ಕಂಡುಕೊಳ್ಳಿ. ಏಕೆಂದರೆ ಪಾಯಿಂಟನ್ನು ಸುಡುತ್ತಿರುವ ಕಾರಣವೇ ನಾಳೆ ಅದರ ಬದಲಿಗೆ ಬರುವ ಎಲೆಕ್ಟ್ರಾನಿಕ್ ಮಾಡ್ಯೂಲನ್ನೂ ಸುಡಬಹುದು.

ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಶಾಫ್ಟ್ 1500 ಸುತ್ತು ತಿರುಗುತ್ತದೆ, ಪ್ರತಿ ಸುತ್ತಿನಲ್ಲೂ ಪಾಯಿಂಟ್ ನಾಲ್ಕು ಬಾರಿ ತೆರೆದು ಮುಚ್ಚುತ್ತದೆ; ಅಂದರೆ ಸೆಕೆಂಡಿಗೆ ನೂರು ಬಾರಿ ಸುಮಾರು 4 ಆಂಪಿಯರ್ ಕರೆಂಟನ್ನು ಆ ಪುಟ್ಟ ತುದಿಗಳು ಕಡಿಯಬೇಕು. ಹಾಗೆ ಕಡಿದಾಗಲೆಲ್ಲ ಏಳುವ ಕಿಡಿಯನ್ನು ತಡೆಯುವುದು ಕಂಡೆನ್ಸರ್. ತೆಗೆದ ಪಾಯಿಂಟನ್ನು ಬೆಳಕಿಗೆ ಹಿಡಿದು ನೋಡಿ: ಒಂದು ತುದಿಯಲ್ಲಿ ಕುಳಿ, ಇನ್ನೊಂದರಲ್ಲಿ ಉಬ್ಬು ಎದ್ದಿದ್ದರೆ ಮೊದಲ ಸಂದೇಹ ಕಂಡೆನ್ಸರಿನ ಮೇಲೆಯೇ. ತುದಿಗಳಿಗೆ ಎಣ್ಣೆಯ ಮಸಿ ಹಿಡಿದಿದ್ದರೆ ಪಾಯಿಂಟನ್ನು ತೆರೆಯುವ ಕ್ಯಾಮಿಗೆ ಸವರಿದ ಗ್ರೀಸ್ ಹೆಚ್ಚಾಗಿ ಸಿಡಿಯುತ್ತಿದೆ ಎಂದು ತಿಳಿಯಬಹುದು.

ಇನ್ನೊಂದು ಕಾರಣವನ್ನು ಮೆಕ್ಯಾನಿಕ್‌ಗಳು ಅನೇಕ ವೇಳೆ ಗಮನಿಸುವುದೇ ಇಲ್ಲ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲಿನ ಎರಡೂ ಸಣ್ಣ ತಂತಿಗಳನ್ನು ಬಿಚ್ಚಿ ಮಲ್ಟಿಮೀಟರಿನಿಂದ ಅಳೆದಾಗ ಸುಮಾರು 3 ಓಮ್ ಬರಬೇಕು. 1.5 ಓಮ್ ಬಂದರೆ ಅದು ಬ್ಯಾಲಸ್ಟ್ ರೆಸಿಸ್ಟರಿನ (ಕರೆಂಟನ್ನು ಮಿತಿಯಲ್ಲಿಡುವ ರೋಧಕ) ಜೊತೆಗೆ ಬಳಸಬೇಕಾದ ಕಾಯಿಲ್. ರೆಸಿಸ್ಟರ್ ಇಲ್ಲದೆ ನೇರವಾಗಿ ಜೋಡಿಸಿದರೆ ಕರೆಂಟ್ ಇಮ್ಮಡಿಯಾಗುತ್ತದೆ, ಪಾಯಿಂಟ್ ತಿಂಗಳುಗಟ್ಟಲೆ ಬಾಳುವುದಿಲ್ಲ. ನನ್ನದೇ ಕಾರಿನಲ್ಲಿ ಇದೇ ತಪ್ಪಾಗಿತ್ತು. ನಾಲ್ಕು ಜೊತೆ ಪಾಯಿಂಟ್ ಹಾಳಾದ ಮೇಲೆ ಕಾಯಿಲನ್ನು ಮುಟ್ಟಿ ನೋಡಿದೆ, ಕೈ ಇಡಲಾರದಷ್ಟು ಕಾದಿತ್ತು.

ಅನಂತರ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಮತ್ತು ರೋಟರ್ ತೆಗೆದು, ಶಾಫ್ಟಿನ ತಲೆಯನ್ನು ಬೆರಳುಗಳಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಸಡಿಲ ಕೈಗೆ ಸಿಕ್ಕಿದರೆ ಶಾಫ್ಟನ್ನು ಹಿಡಿದಿಡುವ ಬುಷ್ ಸವೆದಿದೆ. ಅಂಥ ಡಿಸ್ಟ್ರಿಬ್ಯೂಟರಿನಲ್ಲಿ ಎಷ್ಟೇ ಜಾಗರೂಕತೆಯಿಂದ ಪಾಯಿಂಟಿನ ತುದಿಗಳ ನಡುವೆ 0.015 ಇಂಚಿನ ಅಂತರ ಇಟ್ಟರೂ ಅದು ಸುತ್ತು ಸುತ್ತಿಗೆ ಬದಲಾಗುತ್ತದೆ. ಎಲೆಕ್ಟ್ರಾನಿಕ್ ಕಿಟ್ ಈ ದೋಷವನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆಯೇ ಹೊರತು ನಿವಾರಿಸುವುದಿಲ್ಲ. ಆದ್ದರಿಂದ ಬುಷ್ ಮೊದಲು, ಕಿಟ್ ಆಮೇಲೆ.

ಇಷ್ಟಾದ ಮೇಲೆ ಕಿಟ್ ಹಾಕಿಸುವುದು ಒಂದು ಗಂಟೆಯ ಕೆಲಸ. ಪಾಯಿಂಟ್ ಮತ್ತು ಕಂಡೆನ್ಸರ್ ಹೊರಬರುತ್ತವೆ, ಕ್ಯಾಮಿನ ಮೇಲೆ ಅಯಸ್ಕಾಂತಗಳಿರುವ ಒಂದು ಉಂಗುರ ಕೂರುತ್ತದೆ, ಅದನ್ನು ಪಕ್ಕದಲ್ಲಿರುವ ಸೆನ್ಸರ್ ಗುರುತಿಸಿ ಕಾಯಿಲಿನ ಕರೆಂಟನ್ನು ಕಡಿಯುತ್ತದೆ. ಪಾಯಿಂಟಿನಲ್ಲಿರುವಂತೆ ಕ್ಯಾಮಿಗೆ ಉಜ್ಜಿ ಸವೆಯುವ ಹೀಲ್ ಇಲ್ಲದಿರುವುದರಿಂದ ಅಂತರ ಕಿರಿದಾಗಿ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಹಿಂದೆ ಬೀಳುವ ಪ್ರಮೇಯವೂ ಇಲ್ಲ, ಇದರ ನಿಜವಾದ ಲಾಭ ಇದೇ. ಬ್ಯಾಟರಿಯ ಯಾವ ಧ್ರುವ ಬಾಡಿಗೆ ಸೇರಿದೆ ಎಂಬುದನ್ನು ನೋಡಿ, ಅದಕ್ಕೆ ಹೊಂದುವ ಕಿಟ್ಟನ್ನೇ ಕೊಳ್ಳಿ. ತಂತಿ ಅದಲು ಬದಲಾದರೆ ಮಾಡ್ಯೂಲ್ ಕ್ಷಣದಲ್ಲಿ ಸುಟ್ಟುಹೋಗಬಹುದು. ಬೇಸ್ ಪ್ಲೇಟಿನ ಸಣ್ಣ ಅರ್ತ್ ತಂತಿ ತುಂಡಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೊನೆಗೆ ವ್ಯಾಕ್ಯೂಮ್ ಪೈಪನ್ನು ಕಳಚಿ, ಅದರ ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು ಟೈಮಿಂಗನ್ನು ಹೊಸದಾಗಿ ಹೊಂದಿಸಲೇಬೇಕು.

ಪ್ರಶ್ನೆ: ಪ್ರೀಮಿಯರ್ ಪದ್ಮಿನಿಗೆ ಇದನ್ನು ಹಾಕಿಸಿದರೆ ಮೈಲೇಜ್ ಹೆಚ್ಚುತ್ತದೆಯೇ? (ಒಬ್ಬ ಓದುಗರು, ಹುಬ್ಬಳ್ಳಿ)

ಉತ್ತರ: ಪಾಯಿಂಟ್ ಸರಿಯಾಗಿ ಹೊಂದಿಸಿದ 1089 ಸಿಸಿ ಎಂಜಿನ್ ಕೊಡುವ ಮೈಲೇಜಿಗಿಂತ ಗಮನಾರ್ಹವಾಗಿ ಹೆಚ್ಚು ನಿರೀಕ್ಷಿಸಬೇಡಿ. ಕಾಯಿಲ್ ಹಳೆಯದೇ ಆಗಿದ್ದರೆ ಕಿಡಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೊಂದಿಕೆ ತಪ್ಪಿದ ಕಾರಿಗೆ ಕಿಟ್ ಹಾಕಿಸಿ, ಟೈಮಿಂಗನ್ನೂ ಸರಿಪಡಿಸಿದವರಿಗೆ ಮಾತ್ರ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಪ್ರಶ್ನೆ: ಮಾಡ್ಯೂಲ್ ದಾರಿಯಲ್ಲಿ ಕೈಕೊಟ್ಟರೆ ಏನು ಮಾಡಬೇಕು? (ಒಬ್ಬ ಓದುಗರು, ಮಡಿಕೇರಿ)

ಉತ್ತರ: ಪಾಯಿಂಟಾದರೆ ಎಮರಿ ಕಾಗದದಿಂದ ಉಜ್ಜಿ ಮನೆ ಸೇರಬಹುದಿತ್ತು, ಮಾಡ್ಯೂಲಿಗೆ ಅಂಥ ಉಪಾಯವಿಲ್ಲ. ಎಂಜಿನ್ ನಿಲ್ಲಿಸಿ ಹಾಡು ಕೇಳಲೆಂದು ಇಗ್ನಿಷನ್ ಕೀಲಿಯನ್ನು ಆನ್ ಸ್ಥಾನದಲ್ಲೇ ಬಿಡುವ ಅಭ್ಯಾಸವಿದ್ದರೆ ದಯವಿಟ್ಟು ಕೈಬಿಡಿ. ಆಗ ಕಾಯಿಲೂ ಮಾಡ್ಯೂಲೂ ಸುಮ್ಮನೆ ಬಿಸಿಯಾಗುತ್ತವೆ. ತೆಗೆದ ಪಾಯಿಂಟ್ ಮತ್ತು ಕಂಡೆನ್ಸರನ್ನು ಸ್ಕ್ರೂಗಳ ಸಹಿತ ಒಂದು ಡಬ್ಬಿಯಲ್ಲಿ ಹಾಕಿ, ಅಂತರ ಅಳೆಯುವ ಫೀಲರ್ ಗೇಜಿನೊಂದಿಗೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ರಸ್ತೆಯ ಬದಿಯಲ್ಲಿ ಅರ್ಧ ಗಂಟೆಯಲ್ಲಿ ಅವನ್ನು ಮರಳಿ ಜೋಡಿಸಬಹುದು.