ಬೀದಿಯಲ್ಲಿ ನಿಂತಿರುವ ಹಳೇ ಕಾರಿನ ಫೋಟೋ ತೆಗೆದರೆ ಮನೆಯವರು ಬೈಯುತ್ತಾರಾ?

ಬೈಯುತ್ತಾರೆ. ನನಗೆ ಬೈದಿದ್ದಾರೆ. ಆದರೆ ನೀವು ಅಂದುಕೊಂಡಿರುವ ಕಾರಣಕ್ಕಲ್ಲ.

ನೀವು ಕೇಳಿರೋದು ಬರೀ ಇದೊಂದೇ ಅಲ್ಲ. ಬೆಂಗಳೂರಿನಲ್ಲಿ ಹಳೇ ಕಾರುಗಳನ್ನು ಎಲ್ಲಿ ಹುಡುಕಬೇಕು, ಯಾವ ಕಾಲದ್ದು ಅಂತ ಹೇಗೆ ಗುರುತಿಸಬೇಕು, ಮೊಬೈಲ್‌ನಲ್ಲೇ ತೆಗೆದರೆ ಆಗುತ್ತಾ ಅಂತಲೂ ಕೇಳಿದ್ದೀರಿ. ನಿಮ್ಮ ಬೀದಿಯ ಕೊನೆಯಲ್ಲಿ ಒಂದು ಫಿಯಟ್ ಕವರ್ ಹೊದ್ದುಕೊಂಡು ನಿಂತಿದೆ ಅಂತಲೂ ಬರೆದಿದ್ದೀರಿ. ನಾನು ಒಂಬತ್ತು ವರ್ಷದಿಂದ ಭಾನುವಾರ ಬೆಳಿಗ್ಗೆ ಇದೇ ಕೆಲಸದ ಮೇಲೆ ಓಡಾಡುತ್ತಿದ್ದೇನೆ. ನನ್ನ ಹತ್ತಿರ ಇರೋದು ಒಂದು ಸ್ಕೂಟರ್ ಮಾತ್ರ. ಮೆಕ್ಯಾನಿಕ್ ಹೇಳುವ ಹಾಗೆ ಹೇಳೋಕೆ ನನಗೆ ಬರಲ್ಲ, ನೋಡಿ ನೋಡಿ ಕಲಿತಿದ್ದನ್ನು ಹೇಳುತ್ತೇನೆ.

ಮೊದಲು ಬೈಗುಳದ ವಿಷಯ. ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಬಿಳಿ ಅಂಬಾಸಿಡರ್ ಒಂದು ನಿಂತಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಗ್ರಿಲ್ ಫೋಟೋ ತೆಗೆಯುತ್ತಿದ್ದೆ. ಗೇಟಿನಿಂದ ಒಬ್ಬರು ಅಜ್ಜಿ ಬಂದು, 'ಏನಪ್ಪಾ, ಎತ್ಕೊಂಡು ಹೋಗೋಕೆ ಬಂದ್ಯಾ?' ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ಹಳೇ ಗಾಡಿಯ ಫೋಟೋ ತೆಗೆಯೋಕೆ ಬರೋರು ಸಾಮಾನ್ಯವಾಗಿ ಎರಡು ಥರದವರು. ಒಬ್ಬರು, ಇದು ಬಿಟ್ಟುಹೋದ ಗಾಡಿ, ಜಾಗ ತಿನ್ನುತ್ತಿದೆ ಅಂತ ದೂರು ಕೊಟ್ಟು ಟೋ ಮಾಡಿಸೋರು. ಇನ್ನೊಬ್ಬರು ಬ್ರೋಕರ್. 'ಕೊಡ್ತೀರಾ ಸಾರ್, ಕ್ಯಾಶ್ ಇದೆ' ಅಂತ ತಿಂಗಳಿಗೆ ಇಬ್ಬರಾದರೂ ಬೆಲ್ ಒತ್ತುತ್ತಾರಂತೆ. ಮನೆಯವರಿಗೆ ಸಾಕಾಗಿಹೋಗಿರುತ್ತೆ.

ಅದಕ್ಕೇ ನನ್ನ ಮೊದಲ ಮಾತು ಈಗ ಯಾವಾಗಲೂ ಒಂದೇ: 'ಸಾರ್, ನಾನು ಕೊಳ್ಳೋಕೆ ಬಂದಿಲ್ಲ, ಕಂಪ್ಲೇಂಟ್ ಕೊಡೋಕೂ ಬಂದಿಲ್ಲ, ಗಾಡಿ ಚೆನ್ನಾಗಿದೆ ಅಂತ ಫೋಟೋ ತೆಗೀತಿದೀನಿ.' ಇಷ್ಟು ಹೇಳಿದರೆ ಮುಖದ ಗಂಟು ಅರ್ಧ ಸಡಿಲವಾಗುತ್ತೆ. ತೆಗೆದ ಫೋಟೋ ಅಲ್ಲೇ ತೋರಿಸಿದರೆ ಉಳಿದರ್ಧವೂ ಹೋಗುತ್ತೆ. ಆ ಅಜ್ಜಿ ಕೊನೆಗೆ ಕಾಫಿ ಕೊಟ್ಟರು, ಜೊತೆಗೆ ಅವರ ಯಜಮಾನರು ಆ ಗಾಡಿಯಲ್ಲಿ ಏಳು ಜನರನ್ನು ತುಂಬಿಕೊಂಡು ತಿರುಪತಿಗೆ ಹೋಗಿ ಬಂದ ಕಥೆಯನ್ನೂ ಹೇಳಿದರು. ಬೀದಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಂತ ಗಾಡಿಯ ಫೋಟೋ ತೆಗೆಯೋದರಲ್ಲಿ ತಪ್ಪೇನಿಲ್ಲ. ಕಾಂಪೌಂಡ್ ಒಳಗಿದ್ದರೆ ಮಾತ್ರ ಕೇಳದೆ ತೆಗೆಯಬೇಡಿ, ಯಾರ ಗಾಡಿಯ ಕವರನ್ನೂ ನೀವಾಗಿ ಎತ್ತಬೇಡಿ. ಮಿಲಿಟರಿ ಜಾಗದ ಹತ್ತಿರ ಕ್ಯಾಮೆರಾ ಹೊರಗೇ ತೆಗೆಯಬೇಡಿ, ಅಲ್ಲಿ ವಿಂಟೇಜ್ ಜೀಪ್ ಅಂತ ಎಷ್ಟು ಹೇಳಿದರೂ ಕೇಳಲ್ಲ.

ಎಲ್ಲಿ ಹುಡುಕಬೇಕು? ಮುಖ್ಯ ರಸ್ತೆ ಬಿಡಿ. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ, ಜಯನಗರ, ಆ ಕಡೆ ಫ್ರೇಜರ್ ಟೌನ್, ಕುಕ್ ಟೌನ್, ಇಲ್ಲೆಲ್ಲ ಅಡ್ಡರಸ್ತೆಗಳಲ್ಲಿ ಸುಮ್ನೆ ನಡೀರಿ. ಗಾಡಿಯಲ್ಲಿ ಹೋದರೆ ಕಾಣಲ್ಲ. ಕಾರಿಗಿಂತ ಮೊದಲು ಮನೆ ನೋಡಿ. ಮಂಕಿ ಟಾಪ್ (ಕಿಟಕಿ, ಪೋರ್ಟಿಕೋ ಮೇಲಿನ ಮರದ ಪಟ್ಟಿಗಳ ಚೂಪು ಮಾಡು) ಇರುವ, ಕೆಂಪು ನೆಲದ ಜಗಲಿ ಇರುವ, ಪೋರ್ಟಿಕೋ ಸಣ್ಣದಾಗಿರುವ ಮನೆ ಸಿಕ್ಕರೆ ಅದರ ಪಕ್ಕದಲ್ಲೋ ಹಿಂದೋ ಒಂದು ಗಾಡಿ ಇರುವ ಸಾಧ್ಯತೆ ಜಾಸ್ತಿ. ಇನ್ನೊಂದು ಗುಟ್ಟು, ಇಸ್ತ್ರಿ ಗಾಡಿಯವರನ್ನು ಕೇಳಿ. ಮರದ ಕೆಳಗೆ ವರ್ಷಗಟ್ಟಲೆ ನಿಂತು ಇಸ್ತ್ರಿ ಹಾಕುವವರಿಗೆ ಯಾವ ಮನೆಯಲ್ಲಿ ಯಾವ ಗಾಡಿ ಇದೆ, ಯಾವಾಗ ಸ್ಟಾರ್ಟ್ ಮಾಡುತ್ತಾರೆ, ಮಗ ಅಮೆರಿಕದಿಂದ ಬಂದು ಮಾರುತ್ತಾನಾ ಇಲ್ವಾ, ಎಲ್ಲ ಗೊತ್ತಿರುತ್ತೆ. ನನಗೆ ಸಿಕ್ಕ ಒಳ್ಳೆಯ ಗಾಡಿಗಳಲ್ಲಿ ಅರ್ಧ ಅವರು ತೋರಿಸಿದ್ದೇ. ಟಿಂಕರಿಂಗ್ ಶೆಡ್ಡುಗಳ ಮುಂದೆಯೂ ಸಿಗುತ್ತವೆ, ಆದರೆ ಅಲ್ಲಿ ಗಾಡಿ ಬಾಗಿಲಿಲ್ಲದೆ, ಬಣ್ಣ ಕೆರೆದು, ಆಪರೇಷನ್ ಟೇಬಲ್ ಮೇಲೆ ಮಲಗಿದ ಹಾಗಿರುತ್ತೆ. ನನಗೆ ಅದು ಅಷ್ಟು ಸೇರಲ್ಲ.

ಫಳಫಳ ಹೊಳೆಯುವ ಗಾಡಿಯೇ ಬೇಕು ಅಂದರೆ ಧರ್ಮಸ್ಥಳದಲ್ಲಿ ಕಾರ್ ಮ್ಯೂಸಿಯಂ ಇದೆ, ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿಯಲ್ಲಿ 'ಪಯಣ' ಅನ್ನೋ ಇನ್ನೊಂದು ಕಾರ್ ಮ್ಯೂಸಿಯಂ ಇದೆ. ಹೋಗಿ ಬನ್ನಿ, ಗುರುತಿಸೋದು ಕಲಿಯೋಕೆ ಅಂತಹ ಜಾಗ ಒಳ್ಳೆಯದು. ಬೀದಿಯ ಮಜಾ ಬೇರೆ.

ಗುರುತಿಸುವ ವಿಷಯಕ್ಕೆ ಬಂದರೆ, ನಮ್ಮಲ್ಲಿ ಹೆಸರು ಜಾಸ್ತಿ ಇಲ್ಲ. ಹಳೇ ಕಾಲದಲ್ಲಿ ಮೂರು ಕಂಪನಿ ಕಾರುಗಳೇ ರಸ್ತೆ ತುಂಬಾ ಇದ್ದವು. ಕಲ್ಕತ್ತಾ ಹತ್ತಿರದ ಉತ್ತರಪಾರದಿಂದ ಅಂಬಾಸಿಡರ್, ಬಾಂಬೆಯ ಕುರ್ಲಾದಿಂದ ಫಿಯಟ್, ಮದ್ರಾಸಿನಿಂದ ಸ್ಟ್ಯಾಂಡರ್ಡ್. ಅಂಬಾಸಿಡರ್ ಅನ್ನೋದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದನ್ನೇ ತಂದು 2014ರವರೆಗೆ ತಯಾರಿಸಿದರು. ದೂರದಿಂದ ಎಲ್ಲ ಒಂದೇ ಥರ ಕಾಣುತ್ತೆ, ಆದರೆ ಮುಖ ಬದಲಾಗುತ್ತಾ ಬಂದಿದೆ. ಬಾನೆಟ್ ಮೇಲೆ ಉಬ್ಬುತಗ್ಗು ಇದ್ದರೆ ಅದು ಮೊದಲ ಮಾರ್ಕ್, ಅಂದರೆ ಮೊದಲ ಮಾಡೆಲ್, ನಿಲ್ಲಿ, ಅದು ಅಪರೂಪ. ಚೌಕಳಿ ಗ್ರಿಲ್ ಇದ್ದರೆ 1962ರ ಆಮೇಲಿನ ಮಾರ್ಕ್ 2. ಹಿಂದೆ 1800 ಐಎಸ್‌ಝಡ್ ಅಂತ ಬರೆದಿದ್ದರೆ ಒಳಗೆ ಇಸುಝು ಎಂಜಿನ್, ಅದು 90ರ ದಶಕದ್ದು. ಆದರೆ ಒಂದು ಎಚ್ಚರಿಕೆ. ಒಂದರ ಗ್ರಿಲ್ ಇನ್ನೊಂದಕ್ಕೆ ಹಾಕಿಸಿಕೊಂಡವರು ಲೆಕ್ಕವಿಲ್ಲದಷ್ಟು ಜನ. ಗ್ರಿಲ್ ಒಂದನ್ನೇ ನಂಬಿ 'ಇದು 65ರ ಗಾಡಿ' ಅಂತ ಮಾಲೀಕರ ಮುಂದೆ ಜಂಬ ಹೊಡೆಯಬೇಡಿ, ನಾನು ಹೊಡೆದು ಮರ್ಯಾದೆ ಕಳೆದುಕೊಂಡಿದ್ದೇನೆ.

ಸ್ಟ್ಯಾಂಡರ್ಡ್ ಹೆರಾಲ್ಡ್ ನನಗೆ ಎಲ್ಲಕ್ಕಿಂತ ಇಷ್ಟ. ಅದರ ಬಾನೆಟ್ ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗವಾಗಿ ಮುಂದಕ್ಕೆ ಮಗುಚಿಕೊಳ್ಳುತ್ತೆ, ಮೊಸಳೆ ಬಾಯಿ ತೆರೆದ ಹಾಗೆ. ಮಾಲೀಕರು ಖುಷಿಯಲ್ಲಿದ್ದರೆ 'ಒಂದ್ಸಲ ಓಪನ್ ಮಾಡ್ತೀರಾ ಸಾರ್' ಅಂತ ಕೇಳಿ, ಹೆರಾಲ್ಡ್ ಇಟ್ಟುಕೊಂಡವರಿಗೆ ಅದನ್ನು ತೋರಿಸೋದೇ ಒಂದು ಹೆಮ್ಮೆ. ಇನ್ನು ಬೆಂಗಳೂರಿನವರಾಗಿ ನೀವು ಹುಡುಕಲೇಬೇಕಾದದ್ದು ಸಿಪಾನಿ ಡಾಲ್ಫಿನ್. ಇಲ್ಲೇ ತಯಾರಾದ ಗಾಡಿ ಅದು, 80ರ ದಶಕದಲ್ಲಿ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಪುಟ್ಟ ಕಾರನ್ನು ನೋಡಿಕೊಂಡು. ಬಾಡಿ ಪೂರ್ತಿ ಫೈಬರ್. ತುಕ್ಕು ಹಿಡಿಯಲ್ಲ, ಬಿಸಿಲಿಗೆ ಬಣ್ಣ ಮಾತ್ರ ಸುಣ್ಣದ ಥರ ಪುಡಿಪುಡಿಯಾಗಿರುತ್ತೆ. ಒಂಬತ್ತು ವರ್ಷದಲ್ಲಿ ನನಗೆ ಸಿಕ್ಕಿದ್ದು ಎರಡೇ ಎರಡು, ಒಂದರೊಳಗೆ ಬೆಕ್ಕು ಮರಿ ಹಾಕಿತ್ತು. 1983ರಲ್ಲಿ ಬಂದ ಮೊದಲ ಮಾರುತಿ 800 ಕೂಡ ಈಗ ನೋಡಲು ಸಿಗೋದು ಕಷ್ಟ. 86ರ ಆಮೇಲೆ ಬಂದ ಮಾಡೆಲ್ ಎಲ್ಲ ಕಡೆ ಇದೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ನಂಬರ್ ಪ್ಲೇಟ್ ಓದೋದು ಕಲಿಯಿರಿ. ಕೆಎ ಸೀರೀಸ್ ಬಂದದ್ದು 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ ಮೇಲೆ. ಅದಕ್ಕೂ ಹಿಂದೆ ಎಂವೈ, ಎಂಇ, ಸಿಎ ಅಂತ ಶುರುವಾಗುವ ಮೂರಕ್ಷರದ ನಂಬರುಗಳಿದ್ದವು. ಎಂವೈ ಅನ್ನೋದು ನಾವಿನ್ನೂ ಮೈಸೂರು ರಾಜ್ಯವಾಗಿದ್ದ ಕಾಲದ ಗುರುತು. ಕಪ್ಪು ತಗಡಿನ ಮೇಲೆ ಕೈಯಲ್ಲಿ ಬರೆದ ಎಂವೈ ಪ್ಲೇಟ್ ಕಂಡರೆ ಅದನ್ನೊಂದು ಹತ್ತಿರದಿಂದ ತೆಗೆದುಕೊಳ್ಳಿ, ನಿಮ್ಮ ಸಂಗ್ರಹಕ್ಕೆ ಮಾತ್ರ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳೂ ಹೊಸ ಅಲ್ಯುಮಿನಿಯಂ ಪ್ಲೇಟ್ ಹಾಕಿಸಬೇಕು ಅಂತ ನಮ್ಮ ರಾಜ್ಯದಲ್ಲಿ 2023ರಲ್ಲಿ ಆದೇಶ ಬಂತು ನೋಡಿ, ಅವತ್ತಿನಿಂದ ಆ ಪೇಂಟರ್ ಬರೆದ ಅಕ್ಷರಗಳು ಒಂದೊಂದಾಗಿ ಮಾಯವಾಗುತ್ತಿವೆ. ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಲು 2021ರಲ್ಲಿ ಬೇರೆ ನಿಯಮ ಬಂದಿದೆ, ಹೊಸದಾಗಿ ಹಾಗೆ ನೋಂದಾಯಿಸಿದರೆ ಪ್ಲೇಟಿನಲ್ಲಿ ವಿಎ ಅಂತ ಇರುತ್ತೆ. ಬೀದಿಯಲ್ಲಿ ನನಗೆ ಇನ್ನೂ ಒಂದೂ ಕಂಡಿಲ್ಲ.

ಆನ್‌ಲೈನ್ ಹಾಕುವಾಗ ಮಾತ್ರ ನಂಬರ್ ಅಳಿಸಿ, ರಸ್ತೆ ಹೆಸರು ಬರೆಯಬೇಡಿ. ಒಮ್ಮೆ ನಾನು ಉತ್ಸಾಹದಲ್ಲಿ ಯಾವ ಕ್ರಾಸ್ ಅಂತಲೂ ಬರೆದುಬಿಟ್ಟೆ. ಆ ವಾರವೇ ಇಬ್ಬರು ಬ್ರೋಕರ್‌ಗಳು ಆ ಮನೆಗೆ ಹೋಗಿದ್ದರಂತೆ, ತಿಂಗಳೊಳಗೆ ಒಂದು ವೀಲ್ ಕ್ಯಾಪೂ ಕಾಣೆಯಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ಆ ಮನೆ ಮುಂದೆ ಹೋಗೋಕೆ ನನಗೆ ಇವತ್ತಿಗೂ ಮುಖವಿಲ್ಲ.

ಇನ್ನು ಫೋಟೋ. ಮೊಬೈಲ್ ಸಾಕು. ಆದರೆ ಹತ್ತಿರ ನಿಂತು ತೆಗೆಯಬೇಡಿ, ಮೂಗು ಊದಿ ಹಿಂಭಾಗ ಸಣ್ಣದಾಗಿ, ಅಂಬಾಸಿಡರ್ ಕಪ್ಪೆಯ ಥರ ಕಾಣುತ್ತೆ. ಎಂಟು ಹತ್ತು ಹೆಜ್ಜೆ ಹಿಂದೆ ಹೋಗಿ 2 ಎಕ್ಸ್ ಝೂಮ್ ಇಟ್ಟುಕೊಳ್ಳಿ, ಹೆಡ್‌ಲೈಟ್ ಎತ್ತರಕ್ಕೆ ಬಗ್ಗಿ. ನಮ್ಮ ಬೀದಿಗಳಲ್ಲಿ ನಿಜವಾದ ಶತ್ರು ಬಿಸಿಲಲ್ಲ, ಮರದ ನೆರಳು. ಹೊಂಗೆ ಎಲೆಗಳ ನಡುವಿನಿಂದ ಬೀಳುವ ಬೆಳಕಿನಲ್ಲಿ ಬಾನೆಟ್ ಮೇಲೆ ಚಿರತೆ ಚುಕ್ಕೆ ಮೂಡಿರುತ್ತೆ, ಎಷ್ಟು ಎಡಿಟ್ ಮಾಡಿದರೂ ಹೋಗಲ್ಲ. ಹಾಗಾಗಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಇಲ್ಲಾಂದ್ರೆ ಮೋಡ ಮುಸುಕಿದ ದಿನ ಹೋಗಿ. ಜುಲೈ, ಆಗಸ್ಟ್‌ನಲ್ಲಿ ಇಡೀ ದಿನ ಒಳ್ಳೆಯ ಬೆಳಕು. ಕಪ್ಪು ಗಾಡಿಯಾದರೆ ನೀವೂ ಕಪ್ಪು ಶರ್ಟ್ ಹಾಕಿಕೊಳ್ಳಿ, ಬಿಳಿ ಹಾಕಿದರೆ ಬಾಗಿಲಿನಲ್ಲಿ ನೀವೇ ದೆವ್ವದ ಹಾಗೆ ಕಾಣುತ್ತೀರಿ. ಹಿಂದಿನ ಮನೆ, ಗೇಟು, ಮುಂದಿನ ರಂಗೋಲಿ ಇವನ್ನು ಕತ್ತರಿಸಬೇಡಿ. ಮೊದಲು ನಾನೂ ಬರೀ ಗಾಡಿಯನ್ನೇ ತೆಗೆಯುತ್ತಿದ್ದೆ. ಈಗ ಆ ಫೋಟೋಗಳನ್ನು ನೋಡಿದರೆ ಯಾವುದು ಎಲ್ಲಿಯದು ಅಂತಲೇ ಗೊತ್ತಾಗಲ್ಲ.

ಗಾಡಿ ಬದುಕಿದೆಯಾ ಅಂತ ನೋಡಲು ಟೈರ್ ನೋಡಿ. ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಜೇಡರ ಬಲೆ ಇದ್ದರೆ ತುಂಬಾ ದಿನದಿಂದ ಕದಲಿಲ್ಲ. ಕೆಳಗೆ ತಾಜಾ ಆಯಿಲ್ ಹನಿ ಇದ್ದರೆ ಖುಷಿಪಡಿ, ಭಾನುವಾರ ಯಾರೋ ಸ್ಟಾರ್ಟ್ ಮಾಡುತ್ತಾರೆ ಅಂತ ಅರ್ಥ. ಅಂತಹ ಗಾಡಿಗೆ ಮತ್ತೆ ಮತ್ತೆ ಹೋಗಿ. ಒಂದು ಹೆರಾಲ್ಡನ್ನು ನಾನು ಆರು ವರ್ಷದಲ್ಲಿ ಹನ್ನೊಂದು ಸಲ ತೆಗೆದಿದ್ದೇನೆ. ಮೊದಲನೆಯದರಲ್ಲಿ ಬೀಡಿಂಗ್ (ಬಾಡಿ ಮೇಲಿನ ಹೊಳೆಯುವ ಪಟ್ಟಿ) ಎಲ್ಲ ಮಿಂಚುತ್ತಿದೆ. ನಾಲ್ಕನೆಯದರಲ್ಲಿ ಒಂದು ಟೈರ್ ಕೂತಿದೆ. ಎಂಟನೆಯದರಲ್ಲಿ ಹಿಂದಿನ ಮನೆಯ ಹೆಂಚು ಇಳಿಸುತ್ತಿದ್ದಾರೆ. ಹನ್ನೊಂದನೆಯದರಲ್ಲಿ ನೀಲಿ ತಗಡಿನ ಬೇಲಿ, ಅಪಾರ್ಟ್‌ಮೆಂಟ್ ಬೋರ್ಡು, ಗಾಡಿ ಇಲ್ಲ. ಇಲ್ಲಿ ಹಳೇ ಕಾರು ಹೋಗೋದು ಎಂಜಿನ್ ಕೆಟ್ಟು ಅಲ್ಲ, ಮನೆ ಮಾರಾಟವಾಗಿ. ಆದ್ದರಿಂದ ಯಾವ ಬೀದಿಯಲ್ಲಿ ಮನೆ ಒಡೆಯುವ ಕೆಲಸ ಶುರುವಾಗಿದೆಯೋ ಅಲ್ಲಿಗೆ ಮೊದಲು ಹೋಗಿ.

ನಿಮ್ಮ ಫಿಯಟ್‌ಗೆ ಬರೋಣ. ನಾವೆಲ್ಲ ಫಿಯಟ್ ಅಂತ ಕರೆಯುವ ಗಾಡಿಗಳಲ್ಲಿ ಹೆಚ್ಚಿನವು ಪದ್ಮಿನಿ. ಫಿಯಟ್ ಹೆಸರು ಬಿಟ್ಟು ಪ್ರೀಮಿಯರ್ ಪದ್ಮಿನಿ ಅಂತ ಮಾರಾಟ ಶುರುವಾದದ್ದು 70ರ ದಶಕದಲ್ಲಿ. 1964ರಲ್ಲಿ ಬಂದ 1100 ಡಿಲೈಟ್ ಕೂಡ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತೆ. ಅದಕ್ಕೂ ಹಿಂದಿನದಾದರೆ ಮಜಾ ಇದೆ, ಮುಂದಿನ ಬಾಗಿಲು ಉಲ್ಟಾ ತೆರೆಯುತ್ತೆ, ಕೀಲು ನಡುವಿನ ಕಂಬಕ್ಕೆ, ಹಿಡಿ ಮುಂದಕ್ಕೆ. ಕವರ್ ಎತ್ತಬೇಡಿ ಅಂತ ನಾನೇ ಹೇಳಿದೆ ಅಲ್ವಾ, ಹಾಗಾಗಿ ಭಾನುವಾರ ಬೆಳಿಗ್ಗೆ ಹೋಗಿ ಬೆಲ್ ಒತ್ತಿ, ಕೊಳ್ಳೋಕೆ ಬಂದಿಲ್ಲ ಅಂತ ಮೊದಲೇ ಹೇಳಿ. ಮುಂದಿನ ಬಾಗಿಲಿನ ಹಿಡಿ ಯಾವ ಕಡೆ ಇದೆ ಅಂತ ನೋಡಿ ಕಾಮೆಂಟಿನಲ್ಲಿ ಬರೆಯಿರಿ, ಹಿಡಿ ಮುಂದಕ್ಕಿದ್ದರೆ ನಾನೂ ಬರುತ್ತೇನೆ.