ಕುಡಿತ ಬಿಟ್ಟು 14 ತಿಂಗಳು, ರಾತ್ರಿ ಮಾತ್ರ ಗಾಂಜಾ

ಪ್ರಶ್ನೆ: ನನಗೆ 41 ವರ್ಷ. ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಕೆಲಸ. ಹೆಂಡತಿ ನರ್ಸ್, ವಾರಕ್ಕೆ ಎರಡು ನೈಟ್ ಡ್ಯೂಟಿ ಇರುತ್ತದೆ. ಮಗಳು ಆರನೇ ಕ್ಲಾಸು, ಮಗನಿಗೆ 5 ವರ್ಷ. ಹದಿನೈದು ವರ್ಷ ಕುಡಿದೆ. ಕಳೆದ ವರ್ಷ ಎಪ್ರಿಲಿನಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟೆ. ಇವತ್ತಿಗೆ 14 ತಿಂಗಳು, ಒಂದು ತೊಟ್ಟು ಮುಟ್ಟಿಲ್ಲ. ಆದರೆ ಬಿಟ್ಟ ಮೇಲೆ ನಿದ್ದೆಯೇ ಹೋಯಿತು. ಸ್ನೇಹಿತನೊಬ್ಬ ಗಾಂಜಾ ಕೊಟ್ಟ. ಈಗ ಮಕ್ಕಳು ಮಲಗಿದ ಮೇಲೆ ದಿನಾ ಟೆರೇಸಿಗೆ ಹೋಗಿ ಒಂದು ಸೇದುತ್ತೇನೆ. ಗಲಾಟೆ ಇಲ್ಲ, ಕೈ ಎತ್ತುವುದಿಲ್ಲ, ಸಂಬಳ ಪೂರ್ತಿ ಮನೆಗೆ ಬರುತ್ತದೆ. ಹೆಂಡತಿಗೂ ಗೊತ್ತು. ‘ಕುಡಿಯೋದಕ್ಕಿಂತ ವಾಸಿ’ ಎನ್ನುತ್ತಾಳೆ. ಕೆನಡಾದಲ್ಲಿರುವ ತಮ್ಮ, ‘ಇಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ಮುಂದಿನ ಸಲ ಬರುವಾಗ ಅದರದ್ದೇ ಜೆಲ್ಲಿ ಮಿಠಾಯಿ ತರುತ್ತೇನೆ, ಹೊಗೆಯ ಕಿರಿಕಿರಿಯೂ ಇಲ್ಲ’ ಎನ್ನುತ್ತಾನೆ. ಮೊನ್ನೆ ಮಗಳು ಶಾಲೆಯಲ್ಲಿ ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಪೋಸ್ಟರ್ ಬಿಡಿಸುತ್ತಿದ್ದಳು. ‘ಪಪ್ಪಾ, ಈ ಎಲೆಗೆ ಎಷ್ಟು ಬೆರಳು?’ ಎಂದು ಕೇಳಿದಳು. ‘ಏಳು’ ಎಂದು ಬಾಯಿಗೆ ಬಂದೇ ಬಿಟ್ಟಿತು. ಅವಳು ಪೆನ್ಸಿಲ್ ನಿಲ್ಲಿಸಿ ನನ್ನ ಮುಖ ನೋಡಿದಳು. ಅವತ್ತಿನಿಂದ ಸಮಾಧಾನವಿಲ್ಲ. ಶಿಬಿರ ಮುಗಿಸಿದವರ ವಾರದ ಸಭೆಯಲ್ಲಿ ಕೂತರೆ ಮೋಸ ಮಾಡುತ್ತಿದ್ದೇನೆ ಅನಿಸುತ್ತದೆ. ನನ್ನ 14 ತಿಂಗಳು ಲೆಕ್ಕಕ್ಕೆ ಬರುತ್ತದಾ? ಮಗಳಿಗೆ ಏನು ಹೇಳಲಿ?
– ಹೆಸರು ಬೇಡ, ಉಡುಪಿ

ಉತ್ತರ: ಬರುತ್ತದೆ. ಉಳಿದದ್ದನ್ನೆಲ್ಲ ಆಮೇಲೆ ಹೇಳುತ್ತೇನೆ, ಇದನ್ನು ಮೊದಲು ಹೇಳಬೇಕು. ಆ 14 ತಿಂಗಳು ನಿಮ್ಮದು. ನಮ್ಮ ಕಡೆ ಮದುವೆಯ ಹಿಂದಿನ ದಿನ ಮೆಹಂದಿ ಎಂದರೆ ಮನೆಯ ಹಿಂದೆ ಟೇಬಲ್ ಹಾಕಿ ಬಾಟಲಿ ಇಡುವುದು ಎಂದೇ ಆಗಿಬಿಟ್ಟಿದೆ. ಕೋರಿ ರೊಟ್ಟಿ ಬರುವ ಮೊದಲೇ ‘ಒಂದು ಹಾಕಿ ಮಾರಾಯ್ರೆ’ ಎಂದು ಗ್ಲಾಸು ಕೈಗೆ ಬರುತ್ತದೆ. ಬೇಡ ಎಂದರೆ ‘ಎಂತ, ಹುಷಾರಿಲ್ವಾ?’ ಎಂದು ಕೇಳುತ್ತಾರೆ. ಅಂಥ ಎಷ್ಟು ಮೆಹಂದಿ ದಾಟಿ ಬಂದಿದ್ದೀರಿ ಎಂದು ನಾನು ಊಹಿಸಬಲ್ಲೆ. ಅದನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳಲು ಬಿಡಬೇಡಿ, ನಿಮ್ಮ ಮನಸ್ಸಿಗೂ ಬಿಡಬೇಡಿ.

ನಾನು ಡಾಕ್ಟರ್ ಅಲ್ಲ. ಕುಡಿತ ಬಿಟ್ಟು 22 ವರ್ಷ ಆದವನು. ಬಿಡಲು ಬಂದವರ ಜೊತೆ ಅದರಲ್ಲಿ 16 ವರ್ಷ ಕೂತಿದ್ದೇನೆ. ನಿಮ್ಮ ಹೆಂಡತಿ ಹೇಳಿದ್ದು ಸುಳ್ಳಲ್ಲ ಎಂದು ಆ ಅನುಭವದಿಂದಲೇ ಹೇಳುತ್ತೇನೆ. ಕುಡಿತ ಮನೆಯನ್ನು ಹೇಗೆ ಒಡೆಯುತ್ತದೆ ಎಂದು ಅವರು ನೋಡಿದ್ದಾರೆ. ಮದ್ಯ ಕ್ಯಾನ್ಸರ್ ತರುವ ವಸ್ತು ಎಂದು 1988ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಟ್ಟಿಗೆ ಸೇರಿಸಿತು. ಎಷ್ಟು ಕಡಿಮೆ ಕುಡಿದರೂ ಸುರಕ್ಷಿತ ಎನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಹಾಗಾಗಿ ‘ಗಾಂಜಾ ಸೇದುತ್ತಿದ್ದೀರಾ? ಹಾಗಾದರೆ ಮತ್ತೆ ಕುಡಿದ ಹಾಗೇ ಆಯಿತು’ ಎನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. ಕುಡಿತ ಬಿಟ್ಟು ಗಾಂಜಾ ಉಳಿಸಿಕೊಂಡು ಬದುಕುವುದಕ್ಕೆ ಅಮೆರಿಕದಲ್ಲಿ ‘ಕ್ಯಾಲಿಫೋರ್ನಿಯಾ ಸೋಬರ್’ ಎಂಬ ಹೆಸರೇ ಉಂಟು. ಅಲ್ಲಿ ಅಪ್ಪ ಅಮ್ಮಂದಿರೇ ಹಾಗೆ ಹೇಳಿಕೊಳ್ಳುತ್ತಾರೆ. ಅವರೆಲ್ಲ ಸುಳ್ಳುಗಾರರು ಎಂದು ನಾನು ಹೇಳುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನೀವು ಗಮನ ಕೊಡದೆ ಬರೆದ ಒಂದು ಸಾಲಿದೆ. ಅದನ್ನು ನಾನು ನಾಲ್ಕು ಸಲ ಓದಿದೆ. ವಾರಕ್ಕೆ ಎರಡು ನೈಟ್ ಡ್ಯೂಟಿ. ಅಂದರೆ ವಾರದಲ್ಲಿ ಎರಡು ರಾತ್ರಿ ಆ ಮನೆಯಲ್ಲಿ ದೊಡ್ಡವರು ಅಂತ ಇರುವುದು ನೀವೊಬ್ಬರೇ. ಆ ಎರಡು ರಾತ್ರಿಯೂ ನೀವು ಟೆರೇಸಿಗೆ ಹೋಗುತ್ತೀರಿ, ಅಲ್ವಾ?

ನನ್ನ ಕಥೆ ಹೇಳುತ್ತೇನೆ. ಕುಡಿತ ಬಿಟ್ಟ ಮೊದಲ ವರ್ಷ ನನಗೂ ನಿದ್ದೆ ಇರಲಿಲ್ಲ. ಒಂದು ಮೆಡಿಕಲ್ಲಿನಲ್ಲಿ ಚೀಟಿ ಇಲ್ಲದೆ ನಿದ್ದೆ ಮಾತ್ರೆ ಕೊಟ್ಟರು. ಮೊದಲು ಅರ್ಧ, ಆಮೇಲೆ ಒಂದು, ಆಮೇಲೆ ಎರಡು. ನಾನು ಕುಡಿಯುತ್ತಿಲ್ಲವಲ್ಲ ಎನ್ನುವ ಧೈರ್ಯ. ಮಗಳಿಗೆ ಆಗ ಒಂಬತ್ತು ವರ್ಷ, ವೀಸಿಂಗ್ ಇತ್ತು. ಜುಲೈ ತಿಂಗಳ ಒಂದು ರಾತ್ರಿ, ಜಡಿಮಳೆ. ಅವಳಿಗೆ ಉಸಿರು ಸಿಗಲಿಲ್ಲ. ಹೆಂಡತಿ ನನ್ನನ್ನು ಎಬ್ಬಿಸಿದಳು, ಅಲುಗಾಡಿಸಿದಳು, ಮುಖಕ್ಕೆ ನೀರು ಹಾಕಿದಳು. ನಾನು ‘ಹ್ಞೂಂ’ ಎಂದು ಮಗ್ಗುಲು ಬದಲಿಸಿದೆನಂತೆ. ಪಕ್ಕದ ಮನೆಯವರು ರಿಕ್ಷಾ ತೆಗೆದು ಆಸ್ಪತ್ರೆಗೆ ಕರೆದುಕೊಂಡು ಹೋದರು. ನನಗೆ ಎಚ್ಚರವಾದದ್ದು ಬೆಳಿಗ್ಗೆ ಆರಕ್ಕೆ. ದಿಂಬು ಒದ್ದೆ. ಮಗಳ ಹಾಸಿಗೆ ಖಾಲಿ. ಹೊಸ್ತಿಲ ಬಳಿ ಅವಳ ಚಪ್ಪಲಿ ಒಂದೇ ಒಂದು ಬಿದ್ದಿತ್ತು, ಇನ್ನೊಂದು ಅಂಗಳದ ನೀರಿನಲ್ಲಿ ತೇಲುತ್ತಿತ್ತು. ಮಗು ಉಳಿಯಿತು. ಆದರೆ ಆ ರಾತ್ರಿ ನಾನು ಒಂದು ತೊಟ್ಟೂ ಕುಡಿದಿರಲಿಲ್ಲ, ನೋಡಿ.

ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ‘ಇದು ಮದ್ಯಕ್ಕಿಂತ ವಾಸಿಯಾ’ ಎಂದು ನೀವು ಕೇಳುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ರಾತ್ರಿ ಎರಡಕ್ಕೆ ಮಗ ಜ್ವರದಲ್ಲಿ ನಡುಗಿದರೆ ನೀವು ಎದ್ದು, ತಲೆ ನೆಟ್ಟಗಿಟ್ಟುಕೊಂಡು, ಬೈಕೋ ಕಾರೋ ಓಡಿಸಿಕೊಂಡು ಆಸ್ಪತ್ರೆಗೆ ಹೋಗಬಲ್ಲಿರಾ? ಸೇದಿದ ಮೇಲೆ ಕೆಲವು ಗಂಟೆ ಕೈ–ಕಣ್ಣಿನ ಹೊಂದಾಣಿಕೆ ಕಡಿಮೆ ಇರುತ್ತದೆ, ತೀರ್ಮಾನ ತೆಗೆದುಕೊಳ್ಳುವುದು ನಿಧಾನವಾಗುತ್ತದೆ. ಸೇದಿದವರಿಗೆ ‘ನಾನು ಸರಿಯಾಗೇ ಇದ್ದೇನೆ’ ಅನಿಸುತ್ತದೆ. ಅದೇ ಕಷ್ಟ.

ಇನ್ನು ನಿದ್ದೆ. ನಿಮ್ಮ ಇಡೀ ಪತ್ರದ ಬೇರು ಇರುವುದು ಇಲ್ಲಿ ಎಂದು ನನಗೆ ಅನಿಸುತ್ತದೆ. ತುಂಬ ವರ್ಷ ಕುಡಿದವರಿಗೆ ಬಿಟ್ಟ ಮೇಲೂ ತಿಂಗಳುಗಟ್ಟಲೆ ನಿದ್ದೆ ಕೆಡುವುದು ಸಾಮಾನ್ಯ. ಅದನ್ನು ನಿಮಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಗಾಂಜಾ ಶುರುವಿನಲ್ಲಿ ಬೇಗ ನಿದ್ದೆ ತರಿಸುತ್ತದೆ, ನಿಜ. ಆದರೆ ದಿನಾ ಸೇದಿದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಂದು ದಿನ ಬಿಟ್ಟು ನೋಡಿದ್ದೀರಾ? ನೋಡಿದ್ದರೆ ಆ ರಾತ್ರಿ ಹೊರಳಾಡಿರುತ್ತೀರಿ, ಚಿತ್ರವಿಚಿತ್ರ ಕನಸು ಬಿದ್ದಿರುತ್ತದೆ. ಬೆಳಿಗ್ಗೆ ಮಕ್ಕಳ ಮೇಲೆ ಸುಮ್ನೆ ರೇಗಿರುತ್ತೀರಿ, ತಿಂಡಿ ಸೇರಿರುವುದಿಲ್ಲ. ‘ನೋಡಿ, ಇದಿಲ್ಲದೆ ನನಗೆ ಆಗುವುದಿಲ್ಲ’ ಎಂದು ಮತ್ತೆ ಹಚ್ಚಿರುತ್ತೀರಿ. ಅದು ನಿಮ್ಮ ಹಳೆಯ ನಿದ್ರಾಹೀನತೆ ಮಾತ್ರ ಅಲ್ಲ, ಗಾಂಜಾ ಬಿಟ್ಟಾಗ ಬರುವ ತೊಂದರೆಯೂ ಹೌದು. ಮೊದಲ ವಾರ ಜೋರಾಗಿರುತ್ತದೆ, ಎರಡು ವಾರದಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಕನಸು ಮತ್ತು ನಿದ್ದೆ ಸರಿಹೋಗಲು ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ ದಿನ ಬೇಕು. ಅಷ್ಟೆ. ಅದಕ್ಕೆ ಕೊನೆ ಉಂಟು. ಆ ಕೊನೆಯ ತನಕ ಕಾಯದೇ ಇದ್ದವರನ್ನೇ ನಾನು ಜಾಸ್ತಿ ನೋಡಿರುವುದು.

ಇನ್ನೊಂದು ಭಯ ನನಗಿದೆ. ನಿಮ್ಮ ಸ್ನೇಹಿತನಿಗೆ ಒಂದು ದಿನ ಮಾಲು ಸಿಗುವುದಿಲ್ಲ. ಅವತ್ತು ರಾತ್ರಿ ನಿದ್ದೆ ಬಾರದೆ, ಮೈಯೆಲ್ಲ ಸಿಡಿಮಿಡಿ ಆಗುತ್ತಿರುವಾಗ, ಯಾವ ಅಂಗಡಿ ತೆರೆದಿರುತ್ತದೆ? ವೈನ್ ಶಾಪ್. ನಿಮ್ಮ 14 ತಿಂಗಳನ್ನು ಗಾಂಜಾ ಕಾಯುತ್ತಿದೆ ಎಂದು ನೀವು ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ.

ತಮ್ಮನ ಮಾತಿಗೆ ಬರುತ್ತೇನೆ. ಕೆನಡಾದಲ್ಲಿ ಅಕ್ಟೋಬರ್ 2018ರಿಂದ ಕಾನೂನುಬದ್ಧ, ಹೌದು. ಅಲ್ಲಿ ಪೊಟ್ಟಣದ ಮೇಲೆ ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಅಮಲು ತರುವ ಅಂಶ, ಎಷ್ಟು ಎಂದು ಬರೆದಿರುತ್ತದೆ. ತಿನ್ನುವ ಪದಾರ್ಥವಾದರೆ ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಮೀರುವಂತಿಲ್ಲ, ಮಕ್ಕಳಿಗೆ ಬಿಚ್ಚಲಾಗದ ಹಾಗೆ ಕಟ್ಟಬೇಕು. ಇಷ್ಟೆಲ್ಲ ಕಟ್ಟುನಿಟ್ಟು ಇದ್ದೂ ಅಲ್ಲಿ ಪುಟ್ಟ ಮಕ್ಕಳು ಮಿಠಾಯಿ ಎಂದು ತಿಂದು ಆಸ್ಪತ್ರೆ ಸೇರುವುದು ಜಾಸ್ತಿಯಾಗಿದೆ. ಐದು ವರ್ಷದ ನಿಮ್ಮ ಮಗನಿಗೆ ಜೆಲ್ಲಿ ಎಂದರೆ ಜೆಲ್ಲಿ. ತಿಂದದ್ದು ಕೂಡಲೇ ತಿಳಿಯುವುದಿಲ್ಲ, ಅರ್ಧ ಗಂಟೆಯಿಂದ ಎರಡು ಗಂಟೆ ಕಳೆದು ಮಗು ಮಂಕಾಗುತ್ತದೆ, ನಡೆಯಲಾಗದೆ ತೂರಾಡುತ್ತದೆ, ಕೆಲವೊಮ್ಮೆ ಉಸಿರಿಗೇ ತೊಂದರೆಯಾಗುತ್ತದೆ. ತಮ್ಮನಿಗೆ ಇವತ್ತೇ ಫೋನ್ ಮಾಡಿ ಬೇಡ ಎನ್ನಿ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಅವನ ಗತಿ ಏನು ಎನ್ನುವುದು ಬೇರೆ.

ಇಲ್ಲಿಯ ಕಾನೂನೂ ಗೊತ್ತಿರಲಿ. 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ತಡೆ ಕಾಯ್ದೆಯಲ್ಲಿ ಗಾಂಜಾ ಸೇದಿದ್ದಕ್ಕೇ ಆರು ತಿಂಗಳ ತನಕ ಜೈಲು ಅಥವಾ 10,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಸ್ವಲ್ಪ ಇಟ್ಟುಕೊಂಡಿದ್ದರೂ ಒಂದು ವರ್ಷದ ತನಕ ಆಗಬಹುದು. ಗಾಂಜಾದ ಅಂಶ ದಿನಾ ಸೇದುವವರ ಮೂತ್ರದಲ್ಲಿ ಬಿಟ್ಟ ಮೇಲೂ ವಾರಗಟ್ಟಲೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಿಮ್ಮ ಹೆಂಡತಿಯ ಹೆಸರೂ ಮನೆಯ ಜೊತೆ ಎಳೆಯಲ್ಪಡುತ್ತದೆ. ಅದೇ ಕಾಯ್ದೆಯ 64ಎ ಸೆಕ್ಷನ್, ತಾನಾಗಿ ಚಿಕಿತ್ಸೆಗೆ ಹೋಗುವ ವ್ಯಸನಿಗೆ ಕೇಸಿನಿಂದ ರಕ್ಷಣೆಯನ್ನೂ ಇಟ್ಟಿದೆ. ಡಾಕ್ಟರಿಗೆ ಹೇಳಿದರೆ ಪೊಲೀಸರಿಗೆ ಹೋಗುತ್ತದೆ ಎಂಬ ಹೆದರಿಕೆಯಿಂದಲೇ ಎಷ್ಟೋ ಜನ ಹಿಂದೆ ಉಳಿಯುತ್ತಾರೆ. ನೀವು ಉಳಿಯಬೇಡಿ. ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆಯಲ್ಲಿ ವ್ಯಸನಕ್ಕೆಂದೇ ಚಿಕಿತ್ಸೆ ಉಂಟು. ಉಡುಪಿಯಲ್ಲಿ ಯಾರಾದರೂ ನೋಡುತ್ತಾರೆ ಎಂಬ ಸಂಕೋಚವಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಎದುರು ಗಾಂಜಾ ಒಂದನ್ನೇ ಅಲ್ಲ, ನಿದ್ದೆಯನ್ನೂ ಇಡಿ. ಮಾತ್ರೆ ಇಲ್ಲದೆ ನಿದ್ದೆ ಸರಿಪಡಿಸುವ ಕ್ರಮ ಇದೆ, ನಾನು ಅದರಿಂದಲೇ ಹೊರಬಂದವನು. ದಿನಾ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಬಿದ್ದುಕೊಂಡಿರದೆ ಎದ್ದು ಕೂರುವುದು, ಹಗಲು ಮಲಗದೇ ಇರುವುದು. ಹೇಳಲು ಸುಲಭ, ಮೊದಲ ಹತ್ತು ದಿನ ಅಳು ಬರುತ್ತದೆ.

ನಿಮಗೆ ಈಗ ಒಳ್ಳೆಯ ಸಮಯ. ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಬೋಟುಗಳು ದಡದಲ್ಲಿವೆ, ಐಸ್ ಪ್ಲಾಂಟಿನಲ್ಲಿ ಕೆಲಸ ಕಡಿಮೆ. ಎರಡು ವಾರ ನಿದ್ದೆ ಕೆಟ್ಟರೂ ಲೆಕ್ಕ ತಪ್ಪಿ ಯಾರೂ ಬಯ್ಯುವುದಿಲ್ಲ. ಆಗಸ್ಟ್ ಬಂದ ಮೇಲೆ ನಿಮಗೆ ಪುರುಸೊತ್ತು ಇರುವುದಿಲ್ಲ. ಹಾಂ, ನೀವು ಸೇದುವುದರಲ್ಲಿ ಸಿಗರೇಟಿನ ತಂಬಾಕು ಬೆರೆಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಆಗ ಬಿಡಬೇಕಾದದ್ದು ಒಂದಲ್ಲ, ಎರಡು.

ವಾರದ ಸಭೆಯಲ್ಲಿ ಎಲ್ಲರೆದುರು ಹೇಳಲೇಬೇಕು ಎಂದೇನಿಲ್ಲ. ನಿಮಗಿಂತ ಹಳಬರೊಬ್ಬರನ್ನು ಹೊರಗೆ ಕರೆದು, ಚಹಾ ಕುಡಿಯುತ್ತಾ ಹೇಳಿ. ಒಬ್ಬರಿಗೆ ಹೇಳಿದರೂ ಮೋಸ ಎಂಬ ಭಾವನೆ ಅರ್ಧ ಇಳಿಯುತ್ತದೆ.

ಮಗಳು. ಅವಳಿಗೆ ಗೊತ್ತು, ಮಾರಾಯ್ರೆ. ಆ ಪ್ರಶ್ನೆ ಕೇಳುವ ಮೊದಲೇ ಗೊತ್ತಿತ್ತೋ ಏನೋ. ಕುಡಿಯುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಅಪ್ಪ ಗೇಟು ತೆಗೆಯುವ ಸದ್ದಿನಲ್ಲೇ ಎಲ್ಲ ತಿಳಿಯುತ್ತದೆ. ನನ್ನ ಮಗಳು ದೊಡ್ಡವಳಾದ ಮೇಲೆ ಹೇಳಿದಳು, ಅಡುಗೆಮನೆಯಲ್ಲಿ ನಾನು ಮಾತ್ರೆಯ ಪಟ್ಟಿ ಒತ್ತುವ ‘ಟಪ್’ ಸದ್ದನ್ನು ಎಣಿಸುತ್ತಿದ್ದಳಂತೆ. ಒಂದು ಟಪ್ ಆದರೆ ಪರವಾಗಿಲ್ಲ, ಎರಡಾದರೆ ಇವತ್ತು ಅಪ್ಪ ಏಳುವುದಿಲ್ಲ.

ಹಾಗಾಗಿ ಸುಳ್ಳು ಬೇಡ. ಪೂರ್ತಿ ಪುರಾಣವೂ ಬೇಡ. ಮೊದಲು ಡಾಕ್ಟರ ಬಳಿ ಹೋಗಿ ಬನ್ನಿ, ಆಮೇಲೆ ಹೇಳಿ. ಹೆಂಡತಿಯೂ ಪಕ್ಕದಲ್ಲಿರಲಿ. ‘ಪಪ್ಪ ಕುಡೀತಿದ್ದದ್ದು ನಿಂಗೆ ಗೊತ್ತುಂಟಲ್ಲ. ಅದು ಬಿಟ್ಟ ಮೇಲೆ ನಿದ್ದೆ ಬರ್ತಿರಲಿಲ್ಲ. ಅದಕ್ಕೆ ಸೇದಲು ಶುರು ಮಾಡಿದೆ. ಅದು ತಪ್ಪಾಯ್ತು. ಈಗ ಡಾಕ್ಟರ ಹತ್ರ ಹೋಗ್ತಿದ್ದೇನೆ. ಸ್ವಲ್ಪ ದಿನ ನಂಗೆ ಸಿಟ್ಟು ಜಾಸ್ತಿ ಬರಬಹುದು, ಅದು ನಿನ್ನಿಂದ ಅಲ್ಲ.’ ಇಷ್ಟೇ. ಯಾರಿಗೂ ಹೇಳಬೇಡ ಎಂದು ಮಾತ್ರ ಅವಳಿಗೆ ಹೇಳಬೇಡಿ. ಹನ್ನೊಂದು ವರ್ಷದ ಹುಡುಗಿಯ ಹೆಗಲಿಗೆ ಆ ಗುಟ್ಟು ಭಾರ. ಅವಳು ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ. ನನ್ನ ಮಗಳು ಮೂರು ದಿನ ಮಾತಾಡಿರಲಿಲ್ಲ. ನಾಲ್ಕನೇ ದಿನ ಊಟಕ್ಕೆ ಕೂತಾಗ ಉಪ್ಪಿನಕಾಯಿ ಭರಣಿ ನನ್ನ ಕಡೆ ಸರಿಸಿದಳು.

ಎಲ್ಲ ಒಂದೇ ದಿನ ಬಿಡಿ ಎಂದು ನಾನು ಹೇಳುತ್ತಿಲ್ಲ. ಹೇಗೆ ಇಳಿಸುತ್ತಾ ಬರಬೇಕು ಎಂದು ಡಾಕ್ಟರು ಹೇಳುತ್ತಾರೆ. ನಾನು ಕೇಳುವುದು ಒಂದೇ. ಹೆಂಡತಿಗೆ ಮುಂದಿನ ನೈಟ್ ಡ್ಯೂಟಿ ಯಾವತ್ತು? ಆ ರಾತ್ರಿ ಟೆರೇಸಿನ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಅವರ ಬ್ಯಾಗಿಗೆ ಹಾಕಿ ಕಳಿಸಿ. ನಿದ್ದೆ ಬರುವುದಿಲ್ಲ, ಬಾರದಿರಲಿ. ಮಕ್ಕಳ ಕೋಣೆಯಲ್ಲಿ ಒಂದು ಚಾಪೆ ಹಾಕಿಕೊಂಡು ಕೂತಿರಿ. ಬೆಳಿಗ್ಗೆ ಅವರು ಡ್ಯೂಟಿ ಮುಗಿಸಿ ಬಂದ ಮೇಲೆ ನನಗೊಂದು ಸಾಲು ಬರೆಯಿರಿ. ಹೆಸರು ಬೇಡ.