ಐದಾರು ಜನರ ಅಂಗಡಿಗೂ ಸೈಬರ್ ಭದ್ರತೆ ಬೇಕೇ?

ಐದಾರು ಜನ ದುಡಿಯುವ ಅಂಗಡಿಯ ಮೇಲೆ ಯಾವ ಹ್ಯಾಕರ್ ಕಣ್ಣು ಹಾಕುತ್ತಾನೆ, ಇದಕ್ಕೆಲ್ಲ ಹಣ ಖರ್ಚು ಮಾಡಬೇಕೇ ಎಂದು ಕೇಳಿದ್ದೀರಿ. ಕೇರಳಕ್ಕೆ ಸೇರಿದ ಗಡಿನಾಡು ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ಮತ್ತು ಕಾಳುಮೆಣಸಿನ ವ್ಯಾಪಾರಿಗಳ ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುವವನಾಗಿ ಹೇಳುವುದಾದರೆ ಭದ್ರತೆ ಖಂಡಿತ ಬೇಕು. ಆದರೆ ಹಣಕ್ಕಿಂತ ಮೊದಲು ಬೇಕಾದದ್ದು ಶಿಸ್ತು.

ನಿಮ್ಮ ಅಂಗಡಿಯನ್ನೇ ಗುರಿಯಿಟ್ಟು ಯಾರೂ ಬರಬೇಕಾಗಿಲ್ಲ. 2017ರ ಮೇ ತಿಂಗಳಲ್ಲಿ, ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿದಾಗ ಬ್ರಿಟನ್ನಿನ ಆಸ್ಪತ್ರೆಗಳ ಜೊತೆಗೆ ನಮ್ಮ ವಯನಾಡಿನ ಒಂದು ಪಂಚಾಯತಿನ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದವು. ಅದನ್ನು ತಡೆಯುವ ವಿಂಡೋಸ್ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದ ಯಂತ್ರ ಯಾರದ್ದೆಂದು ಆ ತಂತ್ರಾಂಶ ವಿಚಾರಿಸಲಿಲ್ಲ. ಈಗ ವಿಂಡೋಸ್ 10ಕ್ಕೆ ಇಂಥ ಅಪ್‌ಡೇಟ್ ಕೊಡುವ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನನಗೆ ಇದಕ್ಕಿಂತ ಹೆಚ್ಚು ಆತಂಕವಿರುವುದು ಖಾತೆ ಬದಲಾವಣೆಯ ಪತ್ರಗಳ ಬಗ್ಗೆ. ಸರಕು ಕೊಡುವವರ ಇಮೇಲ್ ಒಳಹೊಕ್ಕವರು ತಿಂಗಳುಗಟ್ಟಲೆ ಸುಮ್ಮನೆ ಓದುತ್ತಾ ಕೂತು, ದೊಡ್ಡ ಬಿಲ್ಲು ಬರುವ ಹೊತ್ತಿಗೆ ಅದೇ ನಮೂನೆಯ, ಅದೇ ಮುದ್ರೆಯ, ಮೊತ್ತದಲ್ಲಿ ಒಂದು ಪೈಸೆಯೂ ವ್ಯತ್ಯಾಸವಿಲ್ಲದ ಪ್ರತಿಯನ್ನು ಕಳಿಸುತ್ತಾರೆ. ಬದಲಾಗಿರುವುದು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಮಾತ್ರ. ಇದನ್ನು ಯಾವ ಆ್ಯಂಟಿವೈರಸ್ಸೂ ಹಿಡಿಯುವ ಭರವಸೆಯಿಲ್ಲ. ಪತ್ರದಲ್ಲಿರುವ ನಂಬರಿಗಲ್ಲ, ನಿಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ ಕರೆ ಮಾಡಿ, ಪರಿಚಯದ ದನಿ ಕೇಳಿದ ಮೇಲೆಯೇ ಹಣ ಕಳಿಸುವ ಪದ್ಧತಿಯೊಂದೇ ಹಿಡಿಯುತ್ತದೆ.

ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ಬ್ಯಾಂಕಿನ ಸಂದೇಶಗಳು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರುವುದರಿಂದ, ಕನ್ನಡವಷ್ಟೇ ಓದಬಲ್ಲ ಹಿರಿಯ ಧಣಿಗಳು ಫೋನನ್ನು ಪಕ್ಕದಲ್ಲಿದ್ದವರ ಕೈಗೆ ಕೊಟ್ಟು "ಇದೇನು ನೋಡು ಮಾರಾಯ" ಎನ್ನುತ್ತಾರೆ, ಓದಿದವರು ಒಟಿಪಿಯನ್ನೂ ಗಟ್ಟಿಯಾಗಿ ಓದುತ್ತಾರೆ. ಇದು ಅವರ ತಪ್ಪೆಂದು ನಾನು ಒಪ್ಪುವುದಿಲ್ಲ. ಎಚ್ಚರಿಕೆಯು ಎಚ್ಚರವಾಗಿರಬೇಕಾದವರ ಭಾಷೆಯಲ್ಲಿರಬೇಕು. ಅಲ್ಲಿಯವರೆಗೆ, ಓದಿ ಹೇಳುವ ಹೊಣೆಯನ್ನು ನಂಬಿಕೆಯ ಒಬ್ಬರಿಗೇ ಕೊಡಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಗುಟ್ಟಿನ ಸಂಖ್ಯೆ ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ.

ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯ ಬ್ಯಾಕಪ್ ಇದೆಯೇ ಎಂದರೆ ಎಲ್ಲರೂ ಇದೆ ಎನ್ನುತ್ತಾರೆ. ನೋಡಿದರೆ ಅದು ಅದೇ ಕಂಪ್ಯೂಟರಿಗೆ ಸದಾ ಚುಚ್ಚಿಟ್ಟ ಪೆನ್‌ಡ್ರೈವಿನಲ್ಲಿರುತ್ತದೆ. ವಾನ್ನಾಕ್ರೈಯಂಥ ರ‍್ಯಾನ್ಸಮ್‌ವೇರ್ ಬಂದರೆ ಮೂಲದೊಂದಿಗೆ ಅದನ್ನೂ ಗೂಢಲಿಪಿಗೆ ತಿರುಗಿಸಿಬಿಡುತ್ತದೆ. ಒಂದು ಪ್ರತಿ ಯಂತ್ರದಿಂದ ಕಳಚಿ ಬೇರೆ ಕಟ್ಟಡದಲ್ಲಿರಲಿ, ಅದನ್ನು ಆಗಾಗ ತೆರೆದು ಲೆಕ್ಕ ಸರಿಯಾಗಿ ಬರುತ್ತದೆಯೇ ನೋಡಿ. ಇಮೇಲಿಗೆ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ, ಇಂದೇ ಹಾಕಿ, ಅದಕ್ಕೆ ಖರ್ಚಿಲ್ಲ.

ಇಷ್ಟಾದರೂ ಹಣ ಹೋದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲು ತಿಳಿಸಿದರೆ ತಡೆಹಿಡಿಯುವ ಅವಕಾಶವಿರುತ್ತದೆ. ಬಂದ ಸಂದೇಶಗಳನ್ನು ಅಳಿಸದೆ ಹಾಗೆಯೇ ಇಟ್ಟುಕೊಳ್ಳಿ, ಪೊಲೀಸರು ಮೊದಲು ಕೇಳುವುದು ಅವನ್ನೇ.